ಕಡಲ ಮೇಲಿನ ಸ್ಕೂಟರ್ ಹತ್ತುವ ಮುನ್ನ

(ತೋಟದ ಕಾರ್ಮಿಕ ಕುಟುಂಬಗಳ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಬೋನಸ್ಸಿನ ವಿಚಾರ ಮಾತಾಡಬೇಕೆಂದು ಕೆಲವರು ಕೇಳಿದ್ದರು. ಬೋನಸ್ಸಿನ ವಿಚಾರವನ್ನೇ ಮಾತಾಡುತ್ತೇನೆ. ಆದರೆ ಅದು ಕೈಗೆ ಬಂದ ಮೇಲಿನ ವಿಚಾರ.

ನಮ್ಮ ಡಿವಿಜನ್ನಿನ ಯುವಕರು ಸೇರಿ ಗೋವಾಕ್ಕೆ ಒಂದು ಬಸ್ಸು ಗೊತ್ತುಮಾಡುತ್ತಿದ್ದಾರೆಂದು ತಮಗೆಲ್ಲ ತಿಳಿದೇ ಇದೆ. ಮೊದಲ ದಿನ ಹಳೇ ಗೋವಾದ ದೇವಾಲಯಗಳು, ಎರಡನೆಯ ದಿನ ಕಲಂಗುಟ್ ಕಡಲತೀರ. ಕಲಂಗುಟ್, ಬಾಗಾ, ಕಾಂಡೋಲಿಮ್ ಈ ಮೂರೂ ಒಂದೇ ಸಾಲಿನ ಮರಳು. ಅಲ್ಲಿ ಕಾಲಿಟ್ಟ ಕೂಡಲೇ ‘ವಾಟರ್ ಸ್ಕೂಟರ್ ಬೇಕಾ?’ ಎಂದು ಕೇಳುವವರು ಸುತ್ತುಗಟ್ಟುತ್ತಾರೆ. ಜೆಟ್ ಸ್ಕೀ ಎನ್ನುವುದೂ ಅದನ್ನೇ. ನಮ್ಮ ಮಲ್ಪೆಯಲ್ಲಿ, ಮುರ್ಡೇಶ್ವರದಲ್ಲಿಯೂ ಈಗ ಇಂಥ ನೀರಾಟಗಳಿವೆ.

ಇದೆಲ್ಲ ದುಡ್ಡು ಹಾಳು ಎಂದು ನಮ್ಮ ಕೆಲವು ಹಿರಿಯರ ಅಭಿಪ್ರಾಯ. ಅವರ ಮಾತಿಗೆ ನಾನು ಎದುರಾಡುವುದಿಲ್ಲ. ಆದರೂ ವರ್ಷವೆಲ್ಲ ಮಂಜಿನಲ್ಲಿ, ಜಿಗಣೆಯ ನಡುವೆ ಬೆನ್ನು ಬಗ್ಗಿಸಿ ಸೊಪ್ಪು ಕಿತ್ತವರು ಒಂದು ದಿನ ಕಡಲಿನಲ್ಲಿ ಆಡಿ ಬಂದರೆ ತಪ್ಪೇನು? ಕಡಲಾಟ ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಎಂದು ಯಾರೂ ಬರೆದಿಟ್ಟಿಲ್ಲ. ಹೋಗಿ ಬನ್ನಿ. ಆದರೆ ನಾವು ಬೆಟ್ಟದ ಜನ. ನಮಗೆ ಗೊತ್ತಿರುವ ನೀರೆಂದರೆ ಹಳ್ಳ, ತೊರೆ, ಹೆಚ್ಚೆಂದರೆ ತೋಟದ ಕೆರೆ. ಇಲ್ಲಿ ಕುಳಿತಿರುವವರಲ್ಲಿ ಈಜು ಬಲ್ಲವರು ಕೈ ಎತ್ತಿ ಎಂದರೆ ಎಷ್ಟು ಕೈಗಳು ಏಳುತ್ತವೆಂದು ನನಗೆ ಗೊತ್ತು. ಅದಕ್ಕಾಗಿ ಈ ಮಾತು.

ಮೊನ್ನೆ ಒಬ್ಬ ಹುಡುಗ ನನ್ನನ್ನು ಕೇಳಿದ: “ಉಪದೇಶಿಯಣ್ಣಾ, ಘಾಟಿಯಲ್ಲಿ ಬೈಕ್ ಓಡಿಸುವವನಿಗೆ ಇದೇನು ಕಷ್ಟ? ಹಾಗೇ ಹ್ಯಾಂಡಲ್ ಇದೆ, ಹಾಗೇ ಸೀಟ್ ಇದೆ.” ಇವತ್ತಿನ ಇಡೀ ಭಾಷಣ ಆ ಪ್ರಶ್ನೆಗೆ ಉತ್ತರವೆಂದು ತಿಳಿಯಿರಿ. ಕಷ್ಟವಿಲ್ಲ, ಮಗ. ಕಷ್ಟವಿಲ್ಲದಂತೆ ಕಾಣುವುದರಲ್ಲಿಯೇ ಅಪಾಯ. ಆ ಯಂತ್ರವನ್ನು ಮೊದಲು ಯೋಚಿಸಿದವರಲ್ಲಿ ಒಬ್ಬನಾದ ಕ್ಲೇಟನ್ ಜೇಕಬ್‌ಸನ್ ಎಂಬ ಅಮೆರಿಕದವನು ಮೋಟಾರ್ ಸೈಕಲ್ ಪಂದ್ಯದ ಸವಾರನೇ ಆಗಿದ್ದ. ಕೆನಡಾದ ಬೊಂಬಾರ್ಡಿಯರ್ ಕಂಪನಿ 1968ರಲ್ಲಿ ಸೀ-ಡೂ ಎಂಬ ಹೆಸರಿನಲ್ಲಿ, ಜಪಾನಿನ ಕವಾಸಾಕಿ ಕಂಪನಿ 1970ರ ದಶಕದ ಮೊದಲಲ್ಲಿ ಜೆಟ್ ಸ್ಕೀ ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ತಂದವು. ಜೆಟ್ ಸ್ಕೀ ಎಂಬುದು ಕವಾಸಾಕಿಯ ಗುರುತಿನ ಹೆಸರು. ಊರೆಲ್ಲ ಅದೇ ಹೆಸರಿನಿಂದ ಕರೆಯತೊಡಗಿತು. ಹೀಗೆ ರೂಪವೆಲ್ಲ ಬೈಕಿನದು, ಗುಣ ಮಾತ್ರ ಬೇರೆ.

ಆ ಗುಣವೇನೆಂದು ನಮ್ಮ ಸ್ಪ್ರೇ ಗ್ಯಾಂಗಿನವರಿಗೆ ಸುಲಭವಾಗಿ ತಿಳಿಯುತ್ತದೆ. ಪವರ್ ಸ್ಪ್ರೇಯರ್ ಚಾಲು ಮಾಡಿದಾಗ ಪೈಪು ಕೈಯನ್ನು ಹಿಂದಕ್ಕೆ ತಳ್ಳುತ್ತದಲ್ಲವೆ? ಮುಂದಕ್ಕೆ ನೀರು ಹಾರಿದಷ್ಟು ಜೋರಾಗಿ ಪೈಪು ಹಿಂದಕ್ಕೆ ಒದೆಯುತ್ತದೆ. ಪಂಪು ನಿಂತರೆ ಅದೇ ಪೈಪು ಸತ್ತ ಹಾವಿನಂತೆ ಬಿದ್ದಿರುತ್ತದೆ. ವಾಟರ್ ಸ್ಕೂಟರಿನ ಹೊಟ್ಟೆಯೊಳಗೆ ಇಂಥ ಒಂದು ದೊಡ್ಡ ಪಂಪು ಇದೆ. ಅಡಿಭಾಗದ ಜಾಲರಿಯಿಂದ ಕಡಲ ನೀರನ್ನು ಹೀರುತ್ತದೆ, ಹಿಂದುಗಡೆಯ ಮೂತಿಯಿಂದ ಜೋರಾಗಿ ಎಸೆಯುತ್ತದೆ. ಆ ಒದೆತಕ್ಕೆ ಯಂತ್ರ ಮುಂದಕ್ಕೆ ಹಾರುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ಮೂತಿ ಮಾತ್ರ. ದೋಣಿಗಿರುವಂತೆ ಚುಕ್ಕಾಣಿಯ ಹಲಗೆ ಇದಕ್ಕಿಲ್ಲ, ಬೈಕಿನಂತೆ ನೆಲ ಕಚ್ಚುವ ಚಕ್ರವೂ ಇಲ್ಲ.

ಈಗ ಗಮನವಿಟ್ಟು ಕೇಳಿ. ಎದುರಿಗೆ ದೋಣಿಯೋ, ಈಜುವವನ ತಲೆಯೋ ಕಂಡಿತು ಎನ್ನಿ. ಬೈಕ್ ಸವಾರ ಏನು ಮಾಡುತ್ತಾನೆ? ಹೆದರಿದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾನೆ. ರಸ್ತೆಯಲ್ಲಿ ಅದು ಸರಿ. ನೀರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪಂಪು ಸೊರಗುತ್ತದೆ, ಮೂತಿಯಿಂದ ನೀರು ಹಾರುವುದಿಲ್ಲ, ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಯಂತ್ರ ತಾನು ಹೊರಟ ದಿಕ್ಕಿಗೇ ಜಾರಿಕೊಂಡು ಹೋಗುತ್ತದೆ. ಮೂರು ಜನ ಕೂರುವ ಹಲವು ಯಂತ್ರಗಳಲ್ಲಿ ಬರಿಯ ಯಂತ್ರವೇ ಮುನ್ನೂರು ಕಿಲೋಗಿಂತ ಭಾರ. ಅದು ನೂರಾರು ಅಡಿ ಹಾಗೆಯೇ ಹೋಗಬಲ್ಲದು. ತಪ್ಪಿಸಿಕೊಳ್ಳಲು ಆಕ್ಸಿಲರೇಟರ್ ಸ್ವಲ್ಪ ಹಿಡಿದೇ ಹ್ಯಾಂಡಲ್ ತಿರುಗಿಸಬೇಕು. ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಬೆರಳಿಗೆ ಇದನ್ನು ಹೇಳಿಕೊಡುವುದು ಸುಲಭವಲ್ಲ. ಕೆಲವು ಹೊಸ ಯಂತ್ರಗಳಲ್ಲಿ ಬ್ರೇಕಿನಂತಹ ಏರ್ಪಾಡೂ, ತಿರುಗಲು ಸ್ವಲ್ಪ ನೆರವೂ ಇದೆ. ಬಾಡಿಗೆಗೆ ಸಿಕ್ಕಿದ ಯಂತ್ರದಲ್ಲಿ ಅದಿದೆಯೆಂದು ನಂಬಿ ಕೂರಬಾರದು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು 1998ರಲ್ಲಿ ಈ ಯಂತ್ರಗಳ ಅಪಘಾತಗಳನ್ನು ಪರಿಶೀಲಿಸಿತು. ವಿಹಾರದ ಬೇರೆ ದೋಣಿಗಳಲ್ಲಿ ಸಾವಿಗೆ ಮುಖ್ಯ ಕಾರಣ ಮುಳುಗುವುದು. ಇದರಲ್ಲಿ ಮಾತ್ರ ಡಿಕ್ಕಿಯ ಪೆಟ್ಟು ಎಂದು ಅದು ಕಂಡುಕೊಂಡಿತು. ಆದ್ದರಿಂದ ‘ನನಗೆ ಈಜು ಬರುತ್ತದೆ’ ಎನ್ನುವವನೂ ಇಲ್ಲಿ ಎಚ್ಚರ ಬಿಡುವಂತಿಲ್ಲ. ಇಬ್ಬರು ಗೆಳೆಯರು ಎರಡು ಯಂತ್ರ ಹಿಡಿದು ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸುವ ಆಟವಿದೆಯಲ್ಲ, ಅದನ್ನು ಆಡಲೇಬೇಡಿ. ಕುಡಿದು ಹತ್ತುವುದರ ಬಗ್ಗೆ ನಾನು ಹೇಳಬೇಕಾಗಿಲ್ಲ, ಮನೆಯ ಹೆಂಗಸರು ಹೇಳುತ್ತಾರೆ.

ಗೋವಾದಲ್ಲಿ ಸಾಮಾನ್ಯವಾಗಿ ಕೆಲಸದ ಹುಡುಗನೊಬ್ಬ ನಮ್ಮ ಜೊತೆಗೇ ಕೂತು ಒಂದು ಸುತ್ತು ಹೊಡೆಸಿ ತರುತ್ತಾನೆ. ಐದು ನಿಮಿಷವೋ ಹತ್ತು ನಿಮಿಷವೋ, ಅಷ್ಟೇ. ಒಬ್ಬನೇ ಓಡಿಸಲು ಕೊಡಿ ಎಂದು ಹಟ ಹಿಡಿಯುವ ಯುವಕರಿಗೆ ನನ್ನ ಸಲಹೆ, ಮೊದಲ ಸಲ ಅವನ ಜೊತೆಗೇ ಹೋಗಿ. ಯಂತ್ರಕ್ಕೂ ಸವಾರನಿಗೂ ನಡುವೆ ಸುರುಳಿಯಂತಹ ಒಂದು ಹಗ್ಗವಿರುತ್ತದೆ. ಅದರ ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವನ ಮಣಿಕಟ್ಟಿಗೋ ಜಾಕೆಟ್ಟಿಗೋ. ಸವಾರ ನೀರಿಗೆ ಬಿದ್ದರೆ ಹಗ್ಗ ಕಿತ್ತು ಇಂಜಿನ್ ನಿಲ್ಲುತ್ತದೆ. ಅದು ಹ್ಯಾಂಡಲ್ಲಿಗೆ ಸುತ್ತಿಕೊಂಡಿದ್ದರೆ ಬಿದ್ದವನನ್ನು ಬಿಟ್ಟು ಯಂತ್ರ ತನ್ನ ಪಾಡಿಗೆ ಹೋಗುತ್ತದೆ. ಆಕ್ಸಿಲರೇಟರ್ ಯಾರ ಕೈಯಲ್ಲಿದೆಯೋ ಹಗ್ಗ ಅವರಿಗೇ ಕಟ್ಟಿರಬೇಕು. ಇದನ್ನು ಕಣ್ಣಾರೆ ನೋಡಿ ಹತ್ತಿರಿ.

ಅಕ್ಕಂದಿರೇ, ತಂಗಿಯರೇ, ನಿಮಗೆ ಎರಡು ಮಾತು ಸಂಕೋಚವಿಲ್ಲದೆ ಹೇಳುತ್ತೇನೆ. ಮೊದಲನೆಯದು ಬಟ್ಟೆ. ಅಡಿಯ ಜಾಲರಿ ನೀರನ್ನು ಹೀರುವಾಗ ಸೀರೆಯ ಸೆರಗು, ದುಪ್ಪಟ್ಟಾ, ಬಿಚ್ಚಿದ ಕೂದಲು ಎಲ್ಲವನ್ನೂ ಎಳೆಯಬಲ್ಲದು. ಜಡೆ ಬಿಗಿಯಾಗಿ ಕಟ್ಟಿ, ಜೋಲುವ ಬಟ್ಟೆ ದಡದಲ್ಲೇ ಇಡಿ. ಎರಡನೆಯದು, ಹಿಂದುಗಡೆ ಕೂತವರು ಹಿಮ್ಮುಖವಾಗಿ ಬಿದ್ದರೆ ಆ ಮೂತಿಯ ನೀರು ನೇರವಾಗಿ ದೇಹದ ಕೆಳಭಾಗಕ್ಕೆ ಹೊಡೆಯುತ್ತದೆ. ಒಳಗಿನ ಅಂಗಗಳಿಗೆ ಭಾರೀ ಗಾಯವಾಗಬಹುದು. ಹೆಂಗಸರಿಗೂ ಸರಿ, ಗಂಡಸರಿಗೂ ಸರಿ. ತೆಳ್ಳನೆಯ ಬಟ್ಟೆ ಇದನ್ನು ತಡೆಯುವುದಿಲ್ಲವೆಂದು ಯಂತ್ರ ಮಾಡುವ ಕಂಪನಿಗಳೇ ಮೈಮೇಲೆ ಚೀಟಿ ಅಂಟಿಸಿರುತ್ತವೆ. ಅವರು ಹೇಳುವ ದಪ್ಪ ರಬ್ಬರಿನ ಉಡುಪನ್ನು ನಮ್ಮ ಕಡಲತೀರದಲ್ಲಿ ಯಾರು ಕೊಡುತ್ತಾರೆ? ಹಾಗಾಗಿ ಹಿಂದೆ ಕೂರುವವರು ಮುಂದಿನವರ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿಯಬೇಕು, ಒಂದೇ ಸಲಕ್ಕೆ ಜಿಗಿಸಬೇಡವೆಂದು ಓಡಿಸುವವನಿಗೆ ಮೊದಲೇ ಹೇಳಬೇಕು. ಒಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗೆಯುವ ಜಾಗ ಅದಲ್ಲ.

ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹದಿನಾರು ತುಂಬದವರ ಕೈಗೆ ಹ್ಯಾಂಡಲ್ ಕೊಡಬಾರದೆಂಬುದು ಕಂಪನಿಗಳದೇ ಸೂಚನೆ. ಕೂತಾಗ ಕಾಲು ಪಾದದ ಗೂಡಿಗೆ ಎಟುಕದ ಮಗುವನ್ನು ಹಿಂದೆಯೂ ಕೂರಿಸಬಾರದು.

ಜಾಕೆಟ್ ಹಾಕಿಕೊಂಡ ಮೇಲೆ ಯಾರಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಲಿ. ಗಲ್ಲದ ಮೇಲಕ್ಕೆ ಜಾರಿದರೆ ಅದು ನಿಮ್ಮ ಅಳತೆಯದಲ್ಲ. ಬಕಲ್ ಮುರಿದದ್ದನ್ನು ಹಗ್ಗದಿಂದ ಕಟ್ಟಿ ಕೊಟ್ಟರೆ ತಿರುಗಿಸಿ ಕೊಡಿ. ಬಿದ್ದರೆ ದಡಕ್ಕೆ ಈಜಲು ಹೊರಡದೆ ತೇಲುತ್ತಾ ಕೈ ಎತ್ತಿ. ಯಂತ್ರ ನಿಂತಿದ್ದರೆ ಅದರ ಹಿಂಭಾಗದಿಂದ ಹತ್ತಿ. ಅದು ಮಗುಚಿ ಬಿದ್ದಿದ್ದರೆ ಯಾವ ಕಡೆಗೆ ಹೊರಳಿಸಬೇಕೆಂದು ಹಿಂಭಾಗದಲ್ಲಿ ಬಾಣದ ಗುರುತಿರುತ್ತದೆ. ಉಲ್ಟಾ ಹೊರಳಿಸಿದರೆ ಇಂಜಿನ್ನಿಗೆ ನೀರು ನುಗ್ಗುತ್ತದೆ, ಆಮೇಲೆ ನಷ್ಟದ ಲೆಕ್ಕ ನಿಮ್ಮ ತಲೆಗೆ.

2024ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ಕಲಂಗುಟ್ ಬಳಿ ಪ್ರವಾಸಿಗಳ ದೋಣಿಯೊಂದು ಮಗುಚಿತು. ಒಬ್ಬರು ತೀರಿಕೊಂಡರು, ಸುಮಾರು ಇಪ್ಪತ್ತು ಜನರನ್ನು ಉಳಿಸಿದರು. ಅದು ಸ್ಕೂಟರ್ ಅಲ್ಲ, ದೋಣಿ. ಆದರೂ ನಾವು ಹೋಗುವುದು ಅದೇ ನೀರಿಗೆ ಎಂದು ನೆನಪಿಸಲು ಹೇಳಿದೆ. ತೀರದಲ್ಲಿ ಜೀವರಕ್ಷಕರಿದ್ದಾರೆ, ಅವರು ಕೆಂಪು ಬಾವುಟ ನೆಟ್ಟ ಕಡೆ ನೀರಿಗೆ ಇಳಿಯಬೇಡಿ. ಇನ್ನೊಂದು: ವಯನಾಡಿನ ಕಡೆಯವರಿಗೆ ಓಣಂ ಹೊತ್ತಿಗೆ ಬೋನಸ್ ಬರುತ್ತದೆ. ಆಗ ಗೋವಾದಲ್ಲಿ ಮಳೆಗಾಲದ ಕಡಲು; ನೀರಾಟಗಳನ್ನು ಸರಕಾರವೇ ನಿಲ್ಲಿಸಿರುತ್ತದೆ. ಆ ತಿಂಗಳಲ್ಲಿ ಯಾರಾದರೂ ಗುಟ್ಟಾಗಿ ‘ಬನ್ನಿ, ಕಡಿಮೆ ರೇಟು’ ಎಂದರೆ ಅವನಿಗೆ ಅನುಮತಿಯಿಲ್ಲವೆಂದೇ ಅರ್ಥ.

ಇನ್ನು ದುಡ್ಡಿನ ವಿಚಾರ. ಬಸ್ಸಿನವನೋ ಗೈಡೋ ‘ಐದು ಆಟ ಸೇರಿ ಪ್ಯಾಕೇಜ್’ ಎಂದು ದಾರಿಯಲ್ಲೇ ಹಣ ಎತ್ತಲು ನೋಡಬಹುದು. ಅದರಲ್ಲಿ ಅವನ ಕಮಿಷನ್ ಸೇರಿರುತ್ತದೆ. ಕೊಡಬೇಡಿ. ತೀರಕ್ಕೆ ಹೋಗಿ ಕೌಂಟರ್ ನೋಡಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ಯಂತ್ರಕ್ಕೆ ಬಂದರು ಇಲಾಖೆಯ ನಂಬರ್ ಇದೆಯೇ, ವಿಮೆ ಇದೆಯೇ ಎಂದು ಕೇಳಿ. ಎಷ್ಟು ನಿಮಿಷ, ತಲೆಗೆ ಎಷ್ಟು, ಅದೆಲ್ಲ ರಸೀದಿಯಲ್ಲಿ ಬರಲಿ. ಥಾಯ್ಲೆಂಡಿನ ಪುಕೆಟ್, ಪಟ್ಟಾಯ ಎಂಬ ಊರುಗಳಲ್ಲಿ ಒಂದು ಹಳೆಯ ಮೋಸವಿದೆ: ಮೊದಲೇ ಇದ್ದ ಗೀರನ್ನು ತೋರಿಸಿ, ನೀನೇ ಮಾಡಿದ್ದು, ಇಷ್ಟು ಸಾವಿರ ಇಡು ಎಂದು ಬಾಡಿಗೆಗೆ ಪಡೆದವನನ್ನು ಹೆದರಿಸುವುದು. ಅಂಥದ್ದಕ್ಕೆ ಮದ್ದು ಸುಲಭ. ಹತ್ತುವ ಮೊದಲು ಯಂತ್ರದ ನಾಲ್ಕೂ ಕಡೆ ಫೋಟೋ ತೆಗೆಯಿರಿ, ಮಾಲೀಕನ ಎದುರಿಗೇ. ಗುರುತಿನ ಚೀಟಿಯನ್ನು ಅಡವಿಡಬೇಡಿ. ಮೊಣಕಾಲುದ್ದದ ನೀರಿನಲ್ಲಿ ಇಂಜಿನ್ ಎಬ್ಬಿಸಬೇಡಿ. ಮರಳು, ಕಲ್ಲು ಪಂಪಿಗೆ ಸೇರಿದರೆ ಅದು ನಿಜವಾಗಿಯೂ ಹಾಳಾಗುತ್ತದೆ.

‘ಏನಾದರೂ ನಾನೇ ಹೊಣೆ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಓದದೆ ಹೆಬ್ಬೆಟ್ಟು ಒತ್ತಬಾರದೆಂದು ಸಂಘದಲ್ಲಿ ಎಷ್ಟು ಸಲ ಹೇಳಿಲ್ಲ? ಅಲ್ಲಿಯೂ ಅದೇ. ಆದರೆ ಸಹಿ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ಅಂಜಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕನಿಗೆ ಅನ್ಯಾಯವಾಗುವ ಕರಾರನ್ನು ಪ್ರಶ್ನಿಸುವ ಹಕ್ಕು ಕೊಟ್ಟಿದೆ. ಸೇವೆಯಲ್ಲಿ ಲೋಪವಾದರೆ ದೂರು ಕೊಡಲು ಗೋವಾಕ್ಕೆ ಅಲೆಯಬೇಕಿಲ್ಲ. ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಎರಡು ವರ್ಷದೊಳಗೆ ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. 1915 ಎಂಬ ನಂಬರಿಗೆ ಫೋನ್ ಮಾಡಿ ಕೇಳಬಹುದು. ಇದಕ್ಕೆಲ್ಲ ರಸೀದಿಯೇ ಆಧಾರ. ರಜೆಯಲ್ಲಿ ಆದ ಗಾಯ ಕೆಲಸದಲ್ಲಿ ಆದ ಗಾಯವಲ್ಲವಾದ್ದರಿಂದ ತೋಟದಿಂದ ಅಪಘಾತದ ಪರಿಹಾರ ಸಿಗುವುದಿಲ್ಲ. ಕೈ ಮುರಿದುಕೊಂಡು ಬಂದವರು ಎಷ್ಟು ವಾರ ಸೊಪ್ಪು ಕೀಳದೆ ಕೂರಬೇಕಾದೀತು, ಆಗ ಒಲೆ ಹೇಗೆ ಉರಿಯುತ್ತದೆ, ಲೆಕ್ಕ ಹಾಕಿಕೊಳ್ಳಿ.

ಆ ಕೆಲಸದ ಹುಡುಗನ ಬಗ್ಗೆಯೂ ಒಂದು ಮಾತು. ಬೆಳಿಗ್ಗೆಯಿಂದ ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತಿರುತ್ತಾನೆ. ಮಳೆಗಾಲದಲ್ಲಿ ಕಡಲಾಟ ಮುಚ್ಚಿದರೆ ಅವನ ಆ ಕೆಲಸವೂ ಮುಚ್ಚುತ್ತದೆ. ಸಾಲು ಉದ್ದವಿದ್ದಾಗ ಮಾಲೀಕ ಬೇಗ ಬೇಗ ಎನ್ನುತ್ತಾನೆ, ಆಗ ಹೇಳಿಕೊಡಬೇಕಾದ ಮಾತುಗಳೇ ಮೊದಲು ಬಿಟ್ಟುಹೋಗುತ್ತವೆ. ಕಿಲೋ ಲೆಕ್ಕದಲ್ಲಿ ಸೊಪ್ಪು ತೂಗುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಅವನ ಮೇಲೆ ರೇಗಬೇಡಿ. “ತಮ್ಮಾ, ಎರಡು ನಿಮಿಷ ಹೇಳಿಕೊಡು, ಆಮೇಲೆ ಹತ್ತುತ್ತೇವೆ” ಎನ್ನಿ. ಇಂಥವರಿಗೆ ತರಬೇತಿ ಕೊಡಲೆಂದೇ ಗೋವಾದಲ್ಲಿ 1990ರಿಂದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅಲ್ಲಿ ಕಲಿತಿದ್ದೀಯಾ ಎಂದು ಕೇಳಿದರೆ, ಕಲಿತವನು ಹೆಮ್ಮೆಯಿಂದಲೇ ಹೇಳುತ್ತಾನೆ.

ಬಸ್ಸಿಗೆ ಹೆಸರು ಕೊಟ್ಟವರಲ್ಲಿ ವಾಟರ್ ಸ್ಕೂಟರ್ ಹತ್ತುವ ಮನಸ್ಸಿರುವವರು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಸ್ಟೋರಿನ ಹಿಂದಿನ ಶೆಡ್ಡಿಗೆ ಬನ್ನಿ. ಸ್ಪ್ರೇ ಗ್ಯಾಂಗಿನವರು ಬರೀ ನೀರು ತುಂಬಿದ ಪಂಪು ತರಲು ಒಪ್ಪಿದ್ದಾರೆ. ಪೈಪು ಕೈಯಲ್ಲಿ ಹಿಡಿದು, ಪಂಪು ಓಡುವಾಗ ಏನಾಗುತ್ತದೆ, ನಿಂತಾಗ ಏನಾಗುತ್ತದೆಂದು ಒಬ್ಬೊಬ್ಬರಾಗಿ ನೋಡಿಕೊಳ್ಳಿ. ಹತ್ತಲು ಮನಸ್ಸಿಲ್ಲದವರು ಚೀಲ, ಫೋನು ಕಾಯಲು ದಡದಲ್ಲಿ ಬೇಕೇ ಬೇಕು. ಅವರ ಹೆಸರನ್ನೂ ಅವತ್ತೇ ಬರೆದುಕೊಳ್ಳುತ್ತೇವೆ.