ಅರೆನೆರಳಿಗೊಂದು ಜರೀಗಿಡ



ಮನೆಯ ಉತ್ತರದ ಗೋಡೆ ಬದಿ, ಬಾವಿಕಟ್ಟೆಯ ಪಕ್ಕ, ಮಾವಿನ ಮರದಡಿ. ಇಂಥಲ್ಲಿ ಗುಲಾಬಿ ನೆಟ್ಟರೆ ಸೊರಗುತ್ತದೆ, ಸೇವಂತಿಗೆ ಸರಿಯಾಗಿ ಮೊಗ್ಗು ಕಟ್ಟುವುದಿಲ್ಲ. ಹಾಗೆಂದು ಆ ಜಾಗವನ್ನು ಹಾಳುಬಿಡಬೇಕಾಗಿಲ್ಲ. ಅಲ್ಲಿಗೆ ಹೇಳಿಮಾಡಿಸಿದ್ದು ಜರೀಗಿಡ, ನರ್ಸರಿಯವರು ಫರ್ನ್ ಎನ್ನುವ ಗಿಡ.

ಫರ್ನ್ ಎಂದರೆ ನಾಜೂಕು, ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂದು ಹಿಂಜರಿಯುವವರೇ ಹೆಚ್ಚು. ಅಂಥವರು ನೆಫ್ರೋಲೆಪಿಸ್ ಕಾರ್ಡಿಫೋಲಿಯಾ ಎಂಬ ಜಾತಿಯಿಂದ ಶುರುಮಾಡಲಿ. ಉದ್ದನೆಯ ಗರಿ, ನಡುದಂಟಿನ ಎರಡೂ ಬದಿಗೆ ಏಣಿಯ ಮೆಟ್ಟಿಲಂತೆ ಒತ್ತಾಗಿ ಕೂತ ಕಿರುಎಲೆಗಳು. ಬುಡ ಕೆದಕಿದರೆ ಸಣ್ಣ ಸಣ್ಣ ಗಡ್ಡೆಗಳು ಸಿಗುತ್ತವೆ. ಅವುಗಳಲ್ಲಿ ನೀರು ಶೇಖರವಾಗಿರುತ್ತದೆ. ನಾಲ್ಕು ದಿನ ನೀರು ಹಾಕುವುದು ತಪ್ಪಿದರೂ ಗಿಡ ತಡೆದುಕೊಳ್ಳುವುದು ಅದರಿಂದಲೇ.

ಬೆಳಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದು, ಮಧ್ಯಾಹ್ನದ ಬಿಸಿಲು ಬೇಡ. ಗರಿಯ ತುದಿ ಸುಟ್ಟು ಕಂದಾಗುತ್ತದೆ. ಕೆಂಪುಮಣ್ಣಿಗೆ ಕೊಳೆತ ತರಗೆಲೆ, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು ಬೆರೆಸಿ. ಮಣ್ಣು ತೇವವಾಗಿರಲಿ, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಒಣಗಾಳಿಯೇ ಇದರ ದೊಡ್ಡ ಶತ್ರು. ಬುಡಕ್ಕೆ ತರಗೆಲೆ ಹೊದಿಸಿ, ಸಂಜೆ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿದರೆ ಗಾಳಿಯಲ್ಲಿ ತಂಪು ನಿಲ್ಲುತ್ತದೆ. ಗೊಬ್ಬರದ ಆಸೆ ಇದಕ್ಕೆ ಕಡಿಮೆ. ಆಗೊಮ್ಮೆ ಈಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಲಿತ ಎಲೆಯನ್ನು ಮಗುಚಿ ನೋಡಿ. ಅಂಚಿನುದ್ದಕ್ಕೂ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಹುಳು ಹತ್ತಿತೆಂದು ಗಾಬರಿಯಾಗಿ ಔಷಧಿ ಹೊಡೆಯುವವರಿದ್ದಾರೆ, ಗರಿಯನ್ನೇ ಕತ್ತರಿಸಿ ಎಸೆಯುವವರೂ ಇದ್ದಾರೆ. ಅದು ರೋಗವಲ್ಲ. ಹೂವಿಲ್ಲದ, ಬೀಜವಿಲ್ಲದ ಈ ಗಿಡ ಸಂತತಿ ಬೆಳೆಸುವ ಬೀಜಕಗಳು ಆ ಚುಕ್ಕೆಗಳಲ್ಲಿವೆ. ಒಂದೊಂದು ಚುಕ್ಕೆಗೂ ಮೂತ್ರಪಿಂಡದ ಆಕಾರದ ತೆಳುವಾದ ಮುಚ್ಚಳವಿರುತ್ತದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಸಾಲು ಕ್ರಮವಾಗಿದ್ದರೆ ಬೀಜಕ. ಅಡ್ಡಾದಿಡ್ಡಿಯಾಗಿ ಅಂಟಿಕೊಂಡು, ಉಗುರಿನಿಂದ ಕೆರೆದಾಗ ಇಡಿಯಾಗಿ ಎದ್ದು ಬಂದರೆ ಅದು ಶಲ್ಕಕೀಟ.

ಈ ಗಿಡ ಒಮ್ಮೆ ಊರಿದರೆ ಬಳ್ಳಿಬೇರು ಹರಿಸಿ ಬೇಗ ಹಬ್ಬುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಇದೇ ಜಾತಿ ತೋಟ ದಾಟಿ ಕಾಡಿಗೆ ನುಗ್ಗಿ ಕಳೆಯಾಗಿದೆ. ಆದ್ದರಿಂದ ಪಾತಿಗೆ ಕಲ್ಲಿನ ಅಂಚು ಕಟ್ಟಿ, ಹೆಚ್ಚಾದದ್ದನ್ನು ಹಳ್ಳದ ದಂಡೆಗೆ ಎಸೆಯಬೇಡಿ.

ಮಲೆನಾಡಿನ ತೊರೆಬದಿಯಲ್ಲಿ ಚೆಂದದ ಜರೀಗಿಡ ಕಂಡರೂ ಕಿತ್ತು ತರಬೇಡಿ, ಅದು ಅಲ್ಲೇ ಇರಲಿ. ಜೂನ್ ಮಳೆ ಹಿಡಿದ ಮೇಲೆ ಪರಿಚಯದವರ ಮನೆಯಿಂದ ಬೇರುಸಹಿತ ಒಂದು ಮರಿ ಕೇಳಿ ತನ್ನಿ. ಕೊಡಲು ಅವರಲ್ಲಿ ಬೇಕಾದಷ್ಟಿರುತ್ತದೆ.