ಪರಿಹಾರ ಬರುವುದು ಪಹಣಿಯ ಹೆಸರಿಗೆ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



2023ರಲ್ಲಿ ಮುಂಗಾರು ಕೈಕೊಟ್ಟುದನ್ನು ನೀವಾರೂ ಮರೆತಿಲ್ಲ. ಸರ್ಕಾರವು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. 2024ರಲ್ಲಿ ಪರಿಹಾರ ಬಂದಿತು. ನೂರಕ್ಕೆ 33 ಪಾಲಾದರೂ ಹಾಳಾದ ಬೆಳೆಗೆ ಆಗಿನ ದರ ಇದು: ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500 ರೂಪಾಯಿ, ನೀರಾವರಿಗೆ 17,000, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರು, ಎಂದರೆ ಸುಮಾರು ಐದು ಎಕರೆ, ಮಿತಿ.

ಹಾಸನದ ಆಲೂಗೆಡ್ಡೆಯಾಗಲಿ, ಚನ್ನರಾಯಪಟ್ಟಣದ ರಾಗಿಯಾಗಲಿ, ಹೊಳೆನರಸೀಪುರ, ಅರಕಲಗೂಡುಗಳ ಮುಸುಕಿನ ಜೋಳವಾಗಲಿ, ಹಣ ಬರುವ ದಾರಿ ಒಂದೇ. ಅದು ಉತ್ತವನ ಮುಖ ನೋಡಿ ಬರುವುದಿಲ್ಲ. ಪಹಣಿಯಲ್ಲಿ ಹೆಸರಿದ್ದವರ ಫ್ರೂಟ್ಸ್ ನೋಂದಣಿಯಂತೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ.

ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ, ಬೆಳೆ ಕಳೆದುಕೊಂಡ ಮಗನಿಗೆ ಪರಿಹಾರ ತಲುಪದು. "ಪಾಲಾದ ಮೇಲೆ ನೋಡೋಣ" ಎಂದು ಅಣ್ಣತಮ್ಮಂದಿರು ಕುಳಿತರೆ ಬರ ಕಾಯುತ್ತದೆಯೇ? ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿರಿ. ಪಾಲಾಗದಿದ್ದರೂ ಜಂಟಿ ಖಾತೆ ಆಗುತ್ತದೆ. ತಾಯಿ, ಅಕ್ಕತಂಗಿಯರ ಹೆಸರು ಬಿಡಬೇಡಿರಿ, ಅವರಿಗೂ ಹಕ್ಕುಂಟು. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿರಿ.

ಈ ಕೆಲಸ ಮಳೆ ಚೆನ್ನಾಗಿರುವ ವರ್ಷದಲ್ಲೇ ಮುಗಿಯಲಿ.