ಮನೆಯಲ್ಲಿ ಕಟ್ಟಿದ ಹಾಯಿದೋಣಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಇಂದು ದೋಣಿಯ ಬಗ್ಗೆ ಹೇಳುತ್ತೇನೆ. ನನ್ನ ಅಪ್ಪ ದೋಣಿ ಕಟ್ಟುವ ಆಚಾರಿ ಎಂಬುದು ಇಲ್ಲಿರುವ ಬಹಳ ಜನರಿಗೆ ಗೊತ್ತು. ಆದರೆ ಅವರು ನನ್ನ ಕೈಗೆ ಉಳಿ ಕೊಡಲಿಲ್ಲ. ‘ಇದು ನನ್ನ ಕಾಲಕ್ಕೇ ಸಾಕು, ನೀನು ಪುಸ್ತಕ ಹಿಡಿ’ ಎನ್ನುತ್ತಿದ್ದರು. ಹಾಗಾಗಿ ದೋಣಿ ಕಟ್ಟುವುದನ್ನು ಹತ್ತಿರದಿಂದ ನೋಡಲು ನಾನು ಇಂಗ್ಲೆಂಡಿಗೆ ಹೋಗಬೇಕಾಯಿತು.

ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಸೌತಾಂಪ್ಟನ್ ಎಂಬ ಬಂದರು ನಗರದಲ್ಲಿದ್ದೆ. ಪಕ್ಕದ ಮನೆಯ ನಿವೃತ್ತ ಹಿರಿಯರೊಬ್ಬರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ ಕಟ್ಟುತ್ತಿದ್ದರು. ಒಂದು ಚಳಿಗಾಲದ ಶನಿವಾರಗಳನ್ನೆಲ್ಲ ನಾನು ಅವರಿಗೆ ಕೈ ಜೋಡಿಸುತ್ತ ಕಳೆದೆ.

ಆ ದೋಣಿಗೆ ಒಂದು ಕಥೆ ಇದೆ. ಟಿ.ವಿ.ಯಲ್ಲಿ ಮನೆ ರಿಪೇರಿ ಕೆಲಸಗಳನ್ನು ತೋರಿಸಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಸೇರಿ ಅದನ್ನು ರೂಪಿಸಿದರು. ಸಾಮಾನ್ಯ ಜನರ ಕೈಗೂ ಹಾಯಿದೋಣಿ ಎಟುಕಬೇಕು ಎಂಬುದು ಉದ್ದೇಶ. ‘ಡೈಲಿ ಮಿರರ್’ ಪತ್ರಿಕೆ 1963ರಲ್ಲಿ ಅದನ್ನು ಜನರ ಮುಂದಿಟ್ಟಿತು. ಬೇಕಾದ ಸಾಮಾನಿಗೆ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಉದ್ದ 3.3 ಮೀಟರ್, ಹಾಯಿಯ ಬಣ್ಣ ಕೆಂಪು. ಇಂದಿಗೆ ಅಂಥ 70,000ಕ್ಕೂ ಹೆಚ್ಚು ದೋಣಿಗಳಾಗಿವೆ. ಎಷ್ಟೋ ದೋಣಿಗಳು ಮನೆಯಂಗಳದಲ್ಲೇ ಹುಟ್ಟಿದವು.

ಕಟ್ಟುವ ಕ್ರಮ ಹೀಗೆ. ಆಕಾರಕ್ಕೆ ಕತ್ತರಿಸಿದ ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ಸಾಲಾಗಿ ಸಣ್ಣ ತೂತು ಕೊರೆಯುತ್ತಾರೆ. ಎರಡು ಅಂಚುಗಳನ್ನು ಕೂಡಿಸಿ ತಾಮ್ರದ ತಂತಿಯಿಂದ ಹೊಲಿಯುತ್ತಾರೆ. ತಂತಿ ಬಿಗಿದಂತೆ ಚಪ್ಪಟೆ ಹಲಗೆ ತಾನಾಗಿ ಬಾಗಿ ದೋಣಿಯ ಹೊಟ್ಟೆಯಾಗುತ್ತದೆ. ಬಳಿಕ ಸಂದಿಗೆ ಗಾಜಿನ ನಾರಿನ ಪಟ್ಟಿ ಇಟ್ಟು ರಾಳ ಹಚ್ಚುತ್ತಾರೆ. ಅದು ಗಟ್ಟಿಯಾದ ಮೇಲೆ ಹೊರಗೆ ಉಳಿದ ತಂತಿಯನ್ನು ಕತ್ತರಿಸಿ ಉಜ್ಜಿ ನಯ ಮಾಡುತ್ತಾರೆ.

ಹೊಲಿಯುವ ಈ ಉಪಾಯ ನಮ್ಮ ಕಡಲಿಗೆ ಹೊಸದಲ್ಲ. ಅರಬ್ಬೀ ಸಮುದ್ರದ ದಂಡೆಗಳಲ್ಲಿ ಮೊಳೆಯಿಲ್ಲದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಹಡಗು ಕಟ್ಟುತ್ತಿದ್ದರು. ಅದೇ ಪದ್ಧತಿಯಲ್ಲಿ ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದರ ಮಾದರಿ ಅಜಂತಾ ಗುಹೆಯ ಒಂದು ಚಿತ್ರ.

ಆ ಶೆಡ್ಡಿನಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳಬೇಕು. ಹೊಲಿದ ದೋಣಿ ಒಂದು ಕಡೆಗೆ ಓರೆಯಾಗಿದೆಯೇ ಎಂದು ನೋಡಲು ಆ ಹಿರಿಯರು ಮುಂಭಾಗದ ನಡುಬಿಂದುವಿನಿಂದ ಹಿಂಭಾಗದ ಎರಡೂ ಮೂಲೆಗಳಿಗೆ ಅಳತೆ ಹಿಡಿದರು. ಎರಡೂ ಸಮನಾಗಬೇಕು, ಇಲ್ಲವಾದರೆ ದೋಣಿ ನೆಟ್ಟಗೆ ಸಾಗದು. ನನಗೆ ತಟ್ಟನೆ ಇದೇ ಶಾಲೆಯ ಒಂಬತ್ತನೇ ತರಗತಿಯ ಕರಿಹಲಗೆ ಕಂಡಿತು. ಮಾಸ್ತರು ಬಿಡಿಸಿದ್ದ ಸಮದ್ವಿಬಾಹು ತ್ರಿಭುಜ ಅದು! ಅದರ ಹಿಂದೆಯೇ ಅಪ್ಪನೂ ನೆನಪಾದರು. ನದಿ ದಂಡೆಯ ಚಪ್ಪರದಲ್ಲಿ ಅವರು ಒಂದು ಹಗ್ಗ ಹಿಡಿದು ಮಾಡುತ್ತಿದ್ದುದೂ ಇದನ್ನೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪನಿಗೆ ಅದರ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದ ನನಗೆ ಅದರ ಉಪಯೋಗ ಗೊತ್ತಿರಲಿಲ್ಲ.

ಇನ್ನೊಂದು, ದೋಣಿಯ ಅಂಚಿಗೆ ಮರದ ಪಟ್ಟಿ ಕೂರಿಸುವಾಗ ಅದು ಬಾಗದೆ ಸಿಡಿಯುತ್ತಿತ್ತು. ಅಪ್ಪನಿಗೆ ಫೋನ್ ಮಾಡಿದೆ. ‘ಜುಲುಮೆ ಮಾಡ್ಬೇಡ ತಮಾ. ಬಟ್ಟೆ ಸುತ್ತಿ ಕುದಿಯೋ ನೀರು ಹೊಯ್ಯಿ. ಅದು ಒಪ್ಪಿದಷ್ಟೇ ಬಗ್ಸು, ಕಟ್ಟಿ ಬಿಡು, ಮರುದಿನ ಮತ್ತೆ ಬಗ್ಸು’ ಎಂದರು. ಹಾಗೆಯೇ ಮಾಡಿದೆವು; ಪಟ್ಟಿ ಕೂತಿತು. ಆ ಹಿರಿಯರು ‘ನಿಮ್ಮ ತಂದೆ ಏನು ಓದಿದ್ದಾರೆ?’ ಎಂದು ಕೇಳಿದರು. ‘ಮರ ಓದಿದ್ದಾರೆ’ ಎಂದೆ.

ಚೈತ್ರದ ಹೊತ್ತಿಗೆ ದೋಣಿ ನೀರಿಗಿಳಿಯಿತು. ದೋಣಿಯ ತೂಕ 45 ಕಿಲೋ, ನಾವಿಬ್ಬರು ಸೇರಿ 130 ಕಿಲೋ. ಒಟ್ಟು 175 ಕಿಲೋ ತೂಕದ ನೀರನ್ನು ಪಕ್ಕಕ್ಕೆ ಸರಿಸಿ ಅದು ತೇಲಿತು. ಇದು ನಮ್ಮ ವಿಜ್ಞಾನದ ಅಕ್ಕೋರು ಬಕೆಟ್ಟು ಇಟ್ಟು ತೋರಿಸಿದ ಆರ್ಕಿಮಿಡೀಸ್ ತತ್ವ.

ಈಗ ನಮ್ಮ ದಂಡೆಯಲ್ಲಿ ಫೈಬರ್ ದೋಣಿಗಳೇ ಹೆಚ್ಚು. ಅಪ್ಪನ ಚಪ್ಪರದ ಮಾಡು ಕುಸಿದಿದೆ. ಅವರ ಕೈಯಲ್ಲಿರುವುದನ್ನು ಯಾರೂ ಬರೆದಿಟ್ಟಿಲ್ಲ. ಅವರೂ ಅವರ ಜೊತೆಗಾರರೂ ಇರುವಷ್ಟು ದಿನ ಮಾತ್ರ ಅದು ಊರಿನಲ್ಲಿರುತ್ತದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಮತ್ತು ಶಾಲಾ ಸಮಿತಿಯವರಲ್ಲಿ ಒಂದು ವಿನಂತಿ. ಒಂಬತ್ತನೇ ತರಗತಿಯ ಮಕ್ಕಳು, ಹುಡುಗಿಯರೂ ಸೇರಿ, ಶಾಲೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ದೋಣಿ ಕಟ್ಟಲಿ. ಪ್ಲೈವುಡ್, ರಾಳ, ಹಾಯಿಬಟ್ಟೆ ಮತ್ತು ಪ್ರತಿ ಮಗುವಿಗೂ ಲೈಫ್ ಜಾಕೆಟ್, ಇವುಗಳ ಖರ್ಚು ನಮ್ಮ ಬ್ಯಾಚಿನದು. ಜಾಕೆಟ್ ಬರುವ ತನಕ ದೋಣಿ ನೀರಿಗಿಳಿಯಬಾರದು. ಗಣಿತದ ಮಾಸ್ತರು ಅಳತೆ ಹೇಳಲಿ, ಅಪ್ಪ ಹಗ್ಗ ಹಿಡಿಯಲಿ. ಶನಿವಾರ ಬರಲು ಅವರು ಒಪ್ಪಿದ್ದಾರೆ. ‘ಶಾಲೆಯೊಳಗೆ ನಾನು ಬರಬಹುದಾ?’ ಎಂದು ಮಾತ್ರ ಎರಡು ಸಲ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು.